ಆಮೋಸ ದಕ್ಷಿಣದವನು: ಒಂದು ತಿದ್ದುಪಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ದೇವರ ಮೌನದ ಬಗ್ಗೆ ಒಂದು ಲೇಖನ ಬಂದಿತ್ತು. ಎರಡು ಸಲ ಓದಿದೆ. ಅದರಲ್ಲಿ ಬೈಬಲಿನ ಪ್ರವಾದಿ ಆಮೋಸನನ್ನು ಉತ್ತರ ರಾಜ್ಯದ ಕುರುಬ ಎಂದು ಬರೆದಿದ್ದಾರೆ. ಅದು ತಪ್ಪು. ಆಗ ಆ ನಾಡು ಎರಡು ರಾಜ್ಯವಾಗಿತ್ತು, ಉತ್ತರಕ್ಕೆ ಇಸ್ರಾಯೇಲ್, ದಕ್ಷಿಣಕ್ಕೆ ಯೆಹೂದ. ಅವನು ಹೋಗಿ ಸಾರಿದ್ದು ಉತ್ತರದ ಇಸ್ರಾಯೇಲಿನಲ್ಲಿ. ಅವನ ಊರು ತೆಕೋವ. ಅದು ದಕ್ಷಿಣದ ಯೆಹೂದ ರಾಜ್ಯದ್ದು.

ಊರಿನ ಹೆಸರು ಆ ಕಡೆ ಈ ಕಡೆ ಆದರೆ ಏನು ಮಹಾ ಅಂತ ನಿಮಗೆ ಅನಿಸಬಹುದು. ಬೇರೆ ಪ್ರವಾದಿ ಆಗಿದ್ದರೆ ನಾನೂ ಒಂದು ಕಾರ್ಡು ಬರೆದು ಸುಮ್ಮನಾಗುತ್ತಿದ್ದೆ. ಇಲ್ಲಿ ದಿಕ್ಕು ತಪ್ಪಿದರೆ ಅರ್ಥವೂ ತಪ್ಪುತ್ತದೆ. ಅದಕ್ಕೇ ಇಷ್ಟುದ್ದ ಪತ್ರ.

ನಾನು ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವನು. ಕ್ರೈಸ್ತನಲ್ಲ, ಯೆಹೂದ್ಯನೂ ಅಲ್ಲ. ವಯಸ್ಸಾದ ಪಾದ್ರಿಯೊಬ್ಬರು ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ಪ್ರವಾದಿಗಳ ಮೇಲೆ ಬರೆದ ವ್ಯಾಖ್ಯಾನ ನಮ್ಮಲ್ಲಿ ಅಚ್ಚಿಗೆ ಬಂದಿತ್ತು. ನಡುನಡುವೆ ಹೀಬ್ರೂ ಪದಗಳು. ನಮ್ಮ ಹತ್ತಿರ ಆ ಅಚ್ಚಿನ ಮೊಳೆಗಳು ಎಲ್ಲಿಂದ ಬರಬೇಕು? ಬ್ಲಾಕ್ ಮಾಡಿಸಿ ಕೂರಿಸಿದೆವು. ಒಂದು ಪದ ತಲೆಕೆಳಗಾಗಿ ಕೂತಿತ್ತು, ನನಗೆ ಗೊತ್ತೇ ಆಗಲಿಲ್ಲ. ಅವರು ನೋಡಿ ಬೈಯಲಿಲ್ಲ, ನಕ್ಕರು. ಪಕ್ಕದಲ್ಲಿ ಕೂರಿಸಿಕೊಂಡು 22 ಅಕ್ಷರಗಳನ್ನೂ ಹೇಳಿಕೊಟ್ಟರು. ಅಲ್ಲಿಂದ ಹತ್ತಿದ ಚಟ ಇದು. ಪಂಡಿತನಲ್ಲ. ಕೋಶ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಪದ ಬಿಡಿಸಿ ಓದುವವನು.

ಇನ್ನೊಂದು ವಿಷಯವನ್ನೂ ಹೇಳಬೇಕು. ನನಗೆ ಕಿವಿ ಮಂದ. ಮೆಷಿನ್ ಪಕ್ಕದಲ್ಲೇ ನನ್ನ ಮೇಜಿತ್ತು, ಜೊತೆಗೆ ವಯಸ್ಸೂ ಆಯಿತು. ಕಿವುಡು ಅಂದರೆ ಏನೂ ಕೇಳಿಸುವುದಿಲ್ಲ ಅಂತ ಜನ ತಿಳಿಯುತ್ತಾರೆ. ಹಾಗಲ್ಲ. ಶಬ್ದವೆಲ್ಲ ಕೇಳಿಸುತ್ತದೆ, ಮಾತು ಬಿಡಿಸಿಕೊಳ್ಳಲು ಆಗುವುದಿಲ್ಲ. ಸ, ಶ, ಫ ಇಂಥ ತೆಳು ಅಕ್ಷರಗಳು ಮೊದಲು ಹೋಗುತ್ತವೆ. ಈ ಮಾತು ಆಮೇಲೆ ಬೇಕಾಗುತ್ತದೆ.

ನಿಮ್ಮ ಲೇಖಕರು ಎತ್ತಿಕೊಂಡಿದ್ದು ಆಮೋಸನ 8ನೇ ಅಧ್ಯಾಯದ 11ನೇ ವಚನ. ಅಲ್ಲಿ ಮಾತಾಡುವವನು ಅವರ ದೇವರು ಯೆಹೋವ. ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ: ದಿನಗಳು ಬರುತ್ತಿವೆ, ನಾಡಿಗೆ ಹಸಿವು ಕಳಿಸುತ್ತೇನೆ, ರೊಟ್ಟಿಯ ಹಸಿವಲ್ಲ, ನೀರಿನ ಬಾಯಾರಿಕೆಯಲ್ಲ, ಯೆಹೋವನ ಮಾತು ಕೇಳುವ ಹಸಿವು. ಹೀಬ್ರೂವಿನಲ್ಲಿ 'ರಾಆವ್' ಎಂಬ ಒಂದೇ ಪದ. ಅದು ಹಸಿವೂ ಹೌದು, ಬರಗಾಲವೂ ಹೌದು. ನಮ್ಮಲ್ಲಿ ಎರಡೂ ಬೇರೆ. ಹಸಿವು ಹೊಟ್ಟೆಯದು, ಬರ ಊರಿನದು. ಲೇಖಕರು ಹೊಟ್ಟೆಯನ್ನು ಮಾತ್ರ ಹಿಡಿದುಕೊಂಡರು. ಮನುಷ್ಯನ ಆತ್ಮಕ್ಕೆ ಹಸಿವಾಗುತ್ತದೆ, ದೇವರು ಸುಮ್ಮನಿರುತ್ತಾನೆ, ಅದು ನಮ್ಮ ಭಕ್ತಿಗೆ ಪರೀಕ್ಷೆ, ತಾಳ್ಮೆಯಿಂದ ಕಾಯಬೇಕು. ಚೆನ್ನಾಗಿಯೇ ಬರೆದಿದ್ದಾರೆ. ಆದರೆ ಆಮೋಸ ಇದನ್ನು ಹೇಳುತ್ತಿಲ್ಲ.

ಕರಡು ತಿದ್ದುವವನಿಗೆ ಒಂದು ಅಭ್ಯಾಸ. ಒಂದು ಸಾಲಿನಲ್ಲಿ ಅನುಮಾನ ಬಂದರೆ ಮೇಲಿನ ಪುಟಕ್ಕೆ ಹೋಗುತ್ತಾನೆ.

ಅದೇ ಅಧ್ಯಾಯದ 5ನೇ ವಚನದಲ್ಲಿ ವ್ಯಾಪಾರಿಗಳು ಮಾತಾಡಿಕೊಳ್ಳುತ್ತಿದ್ದಾರೆ. ಅಮಾವಾಸ್ಯೆಯ ಹಬ್ಬ ಯಾವಾಗ ಮುಗಿಯುತ್ತದೆ, ಧಾನ್ಯ ಮಾರಬೇಕು. ಸಬ್ಬತ್ ಯಾವಾಗ ಕಳೆಯುತ್ತದೆ, ಗೋಧಿ ಕಣಜ ತೆರೆಯಬೇಕು. ಏಫಾ ಚಿಕ್ಕದು ಮಾಡೋಣ, ಶೆಕೆಲ್ ದೊಡ್ಡದು ಮಾಡೋಣ. ಸಬ್ಬತ್ ಅಂದರೆ ವಾರಕ್ಕೊಮ್ಮೆ ಕೆಲಸ ನಿಲ್ಲಿಸುವ ದಿನ, ಏಫಾ ಧಾನ್ಯ ಅಳೆಯುವ ಪಾತ್ರೆ, ಶೆಕೆಲ್ ತೂಕದ ಕಲ್ಲು. ಆಗಿನ್ನೂ ನಾಣ್ಯ ಇರಲಿಲ್ಲ, ಬೆಳ್ಳಿಯನ್ನು ತೂಗಿ ಕೊಡಬೇಕಿತ್ತು. ಅಳತೆ ಚಿಕ್ಕದಾದರೆ ಕೊಡುವ ಕಾಳು ಕಡಿಮೆ, ಕಲ್ಲು ಭಾರವಾದರೆ ಬರುವ ಬೆಳ್ಳಿ ಜಾಸ್ತಿ. ಒಂದೇ ವ್ಯಾಪಾರದಲ್ಲಿ ಎರಡು ಸಲ ಮೋಸ. ಅದರ ಮೇಲೆ ಗೋಧಿಯ ಕಸಕಡ್ಡಿಯನ್ನೂ ಮಾರುತ್ತಾರೆ, ಒಂದು ಜೊತೆ ಚಪ್ಪಲಿಯ ಬೆಲೆಗೆ ಬಡವನನ್ನೇ ಕೊಳ್ಳುತ್ತಾರೆ. ಗಮನಿಸಿ, ಇವರು ನಾಸ್ತಿಕರಲ್ಲ. ಸಬ್ಬತ್ ಆಚರಿಸುವವರೇ. ಅಂಗಡಿ ಮುಚ್ಚಿದ್ದಾರೆ, ಕೂತಿದ್ದಾರೆ, ಮನಸ್ಸು ಮಾತ್ರ ತಕ್ಕಡಿಯ ಮೇಲಿದೆ. ಆರು ಸಾಲು ಆದಮೇಲೆ ದೇವರ ಮಾತಿನ ಬರ ಬರುತ್ತದೆ. ಮಧ್ಯೆ ಇರುವುದು ಭೂಮಿ ನಡುಗುವುದು, ನಡುಮಧ್ಯಾಹ್ನ ಸೂರ್ಯ ಮುಳುಗುವುದು, ಹಬ್ಬಗಳು ಗೋಳಾಟವಾಗುವುದು.

ಬಡತನದ ಕಾಲವೂ ಅಲ್ಲ ಅದು. ಇಸ್ರಾಯೇಲಿನ ರಾಜ ಎರಡನೇ ಯಾರೊಬ್ಬಾಮ 41 ವರ್ಷ ಆಳಿದ. ಕ್ರಿ.ಪೂ. 8ನೇ ಶತಮಾನದ ಮೊದಲರ್ಧ. ರಾಜಧಾನಿ ಸಮಾರ್ಯವನ್ನು 1910ರಲ್ಲಿ ಹಾರ್ವರ್ಡ್‌ನವರು ಅಗೆದಾಗ ಲೆಕ್ಕ ಬರೆದ ಮಡಕೆ ಚೂರುಗಳು ಸಿಕ್ಕವು. ಹಳೆಯ ದ್ರಾಕ್ಷಾರಸ ಇಷ್ಟು ಜಾಡಿ, ತೊಳೆದ ಎಣ್ಣೆ ಇಷ್ಟು ಜಾಡಿ ಅಂತ. 1930ರ ದಶಕದಲ್ಲಿ ದಂತದ ಕೆತ್ತನೆಗಳು ಸಿಕ್ಕವು. ದಂತದ ಮಂಚದ ಮೇಲೆ ಒರಗಿ, ಬೋಗುಣಿಯಲ್ಲಿ ದ್ರಾಕ್ಷಾರಸ ಕುಡಿದು, ಒಳ್ಳೇ ಎಣ್ಣೆ ಹಚ್ಚಿಕೊಳ್ಳುವವರು ಅಂತ ಆಮೋಸ ಬೈಯುವುದು ಸುಮ್ನೆ ಬಾಯಿಗೆ ಬಂದ ಮಾತಲ್ಲ. ರೊಟ್ಟಿಗೆ ಕೊರತೆ ಇಲ್ಲದವರಿಗೇ ಈ ಹಸಿವು ಬಂದದ್ದು.

ಈಗ ಇನ್ನೂ ಒಂದು ಪುಟ ಹಿಂದೆ ಹೋಗಿ. 7ನೇ ಅಧ್ಯಾಯ. ಆಮೋಸ ಒಂದರ ಹಿಂದೆ ಒಂದು ದರ್ಶನ ಹೇಳುತ್ತಿದ್ದಾನೆ. ಮಿಡತೆ, ಬೆಂಕಿ, ಗೋಡೆಗೆ ಹಿಡಿದ ತೂಗುಗುಂಡು. ಮೂರಾಯಿತು, ನಾಲ್ಕನೆಯದು ಬರಬೇಕು. ಬರುವುದಿಲ್ಲ. ನಡುವೆ ಒಂದು ಜಗಳ ನುಗ್ಗುತ್ತದೆ. ಅದು ಮುಗಿದ ಮೇಲೆ 8ನೇ ಅಧ್ಯಾಯಕ್ಕೆ ನಾಲ್ಕನೆಯ ದರ್ಶನ. ಮೊದಲ ಸಲ ಓದಿದಾಗ ಪುಟ ಜೋಡಿಸುವಾಗ ಏನೋ ಎಡವಟ್ಟಾಗಿದೆ ಅಂತಲೇ ಅಂದುಕೊಂಡೆ. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಪ್ರಶ್ನೆಚಿಹ್ನೆಯನ್ನೂ ಹಾಕಿದ್ದೆ. ಆಮೇಲೆ ಅಳಿಸಿದೆ. ಜೋಡಿಸಿದವರಿಗೆ ತಾವು ಏನು ಮಾಡುತ್ತಿದ್ದೇವೆ ಅಂತ ಗೊತ್ತಿತ್ತು.

ಜಗಳ ಬೇತೇಲಿನ ಯಾಜಕ ಅಮಚ್ಯನದು. ಬೇತೇಲ್ ಅಂದರೆ ರಾಜನ ದೇವಸ್ಥಾನ ಇದ್ದ ಊರು. ಅಮಚ್ಯ ರಾಜನಿಗೆ ವರದಿ ಕಳಿಸುತ್ತಾನೆ: ಆಮೋಸ ಒಳಸಂಚು ಮಾಡುತ್ತಿದ್ದಾನೆ, ಇವನ ಮಾತುಗಳನ್ನೆಲ್ಲ ಈ ದೇಶ ತಾಳಲಾರದು. 'ತಾಳು' ಅಂತ ನಾವು ಹೇಳುವಲ್ಲಿ ಇರುವ ಕ್ರಿಯಾಪದಕ್ಕೆ ಪಾತ್ರೆ ಹಿಡಿಸು ಎಂಬ ಅರ್ಥವೂ ಇದೆ. ಇವನ ಮಾತು ನಾಡಿಗೆ ಹಿಡಿಸುವುದಿಲ್ಲ, ತುಂಬಿ ಹೊರಗೆ ಚೆಲ್ಲುತ್ತಿದೆ. ಮಾತು ಜಾಸ್ತಿ ಆಯಿತು ಅಂತ ದೂರು. ಮುಂದಿನ ಅಧ್ಯಾಯದಲ್ಲಿ ಅದೇ ನಾಡಿಗೆ ಮಾತಿನ ಬರ.

ಆಮೇಲೆ ಅಮಚ್ಯ ಆಮೋಸನಿಗೇ ಹೇಳುತ್ತಾನೆ: ದರ್ಶಿಯೇ, ಇಲ್ಲಿಂದ ಓಡು, ಯೆಹೂದ ದೇಶಕ್ಕೆ ಹೋಗು, ಅಲ್ಲಿ ನಿನ್ನ ರೊಟ್ಟಿ ತಿನ್ನು, ಅಲ್ಲೇ ಪ್ರವಾದಿಸು, ಬೇತೇಲಿನಲ್ಲಿ ಮಾತ್ರ ಇನ್ನು ಬಾಯಿ ತೆರೆಯಬೇಡ. ಆ ರೊಟ್ಟಿಯ ಮಾತನ್ನು ನೋಡಿ. ನಿನ್ನ ಹೊಟ್ಟೆಪಾಡಿಗೆ ಇದನ್ನೆಲ್ಲ ಹೇಳುತ್ತಿದ್ದೀಯ, ಅದನ್ನು ನಿಮ್ಮೂರಲ್ಲೇ ಮಾಡಿಕೋ ಅಂತ ಅದರ ಧ್ವನಿ. ಹೊಟ್ಟೆಪಾಡಿನ ಪ್ರವಾದಿಗಳು ಇರಲಿಲ್ಲ ಅಂತಲ್ಲ. ಬಾಯಿಗೆ ಏನಾದರೂ ಬಿದ್ದರೆ ಶಾಂತಿ ಎನ್ನುವವರು, ಬೀಳದಿದ್ದರೆ ಯುದ್ಧ ಸಾರುವವರು ಅಂತ ಮೀಕ ಎಂಬ ಇನ್ನೊಬ್ಬ ಪ್ರವಾದಿ ಅಂಥವರನ್ನೇ ಹೇಳುತ್ತಾನೆ. ಆಮೋಸನ ಉತ್ತರ ಚಿಕ್ಕದು. ನಾನು ಪ್ರವಾದಿಯಲ್ಲ, ಪ್ರವಾದಿಯ ಮಗನಲ್ಲ, ನನಗೆ ಕುರಿಯ ಕೆಲಸ ಇದೆ, ಅತ್ತಿಹಣ್ಣಿನ ಕೆಲಸ ಇದೆ. ಅದು ನಮ್ಮ ಅತ್ತಿಗೆ ಸಂಬಂಧಿಯಾದ ಮರ. ಅದರ ಕಾಯಿಯನ್ನು ಒಂದೊಂದಾಗಿ ಗೀರಬೇಕು, ಗೀರಿದರೆ ಬೇಗ ಹಣ್ಣಾಗುತ್ತದೆ. ತೆಕೋವದಂಥ ಎತ್ತರದ ಗುಡ್ಡದಲ್ಲಿ ಆ ಮರ ಬೆಳೆಯುವುದಿಲ್ಲ, ಕೆಳಗಿನ ಬಿಸಿ ಪ್ರದೇಶಕ್ಕೆ ಇಳಿದುಹೋಗಬೇಕು. ಅಂದರೆ ದುಡಿದು ತಿನ್ನುವವನು. ನಿನ್ನ ರೊಟ್ಟಿ ನನಗೆ ಬೇಡ ಅಂದಂತೆ ಆಯಿತಲ್ವಾ?

ಹಣ್ಣಿನ ಮಾತು ಬಂತು. ಆ ನಾಲ್ಕನೆಯ ದರ್ಶನವೂ ಹಣ್ಣಿನದೇ. ಒಂದು ಬುಟ್ಟಿ ಬೇಸಿಗೆಯ ಹಣ್ಣು. ಹಣ್ಣಿಗೆ 'ಕಾಯಿತ್ಸ್', ಕೊನೆಗೆ 'ಕೇತ್ಸ್'. ಬುಟ್ಟಿ ನೋಡಿ ಅವನು ಕಾಯಿತ್ಸ್ ಎನ್ನುತ್ತಾನೆ, ದೇವರು ಕೇತ್ಸ್ ಬಂತು ಎನ್ನುತ್ತಾನೆ. ಇದು ಬೇರೆ ಭಾಷೆಗೆ ಬರುವುದಿಲ್ಲ ಅಂತ ಎಲ್ಲರೂ ಬರೆಯುತ್ತಾರೆ. ಕನ್ನಡಕ್ಕೆ ಸ್ವಲ್ಪ ಬರುತ್ತದೆ ಅಂತ ನನ್ನ ಅನಿಸಿಕೆ. ಮುದುಕ ಹಣ್ಣಾಗಿದ್ದಾನೆ ಅಂತ ನಾವು ಅನ್ನುತ್ತೇವೆ. ಇಸ್ರಾಯೇಲ್ ಹಣ್ಣಾಗಿದೆ ಅಂದರೆ ಉದುರುವುದು ಹತ್ತಿರ ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಅಮಚ್ಯನ ಮಾತನ್ನು ಆಮೋಸ ತಿರುಗಿ ಅವನ ಮುಂದೆಯೇ ಹೇಳುವಾಗ ಒಂದು ಪದ ಬರುತ್ತದೆ. ಇಸ್ರಾಯೇಲಿನ ವಿರುದ್ಧ ಪ್ರವಾದಿಸಬೇಡ, ಇಸಾಕನ ಮನೆತನದ ಮೇಲೆ 'ಹನಿಸಬೇಡ' ಅಂದೆಯಲ್ಲ ಅಂತ. ಹೌದು, 'ನಾತಫ್' ಅಂದರೆ ತೊಟ್ಟಿಕ್ಕು. ಮಾತಾಡುವುದಕ್ಕೆ ಅವರು ಹನಿಸು ಎಂದೂ ಹೇಳುತ್ತಿದ್ದರು. ಹನಿ ನಿಲ್ಲಿಸು ಅಂತ ಕೇಳಿದ್ದು ಅವರೇ. ಬಾಯಾರಿಕೆ ಆಮೇಲೆ ಬಂತು.

ಈಗ ದಿಕ್ಕಿಗೆ ಬರುತ್ತೇನೆ. 8ನೇ ಅಧ್ಯಾಯದ 12ನೇ ವಚನ, ನಿಮ್ಮ ಲೇಖನ ನಿಂತ ಜಾಗದ ಮುಂದಿನ ಸಾಲು. ಜನ ಸಮುದ್ರದಿಂದ ಸಮುದ್ರಕ್ಕೆ ತೂರಾಡುತ್ತಾರೆ, ಉತ್ತರದಿಂದ ಪೂರ್ವಕ್ಕೆ ಅಲೆಯುತ್ತಾರೆ, ಯೆಹೋವನ ಮಾತು ಹುಡುಕುತ್ತಾರೆ, ಸಿಗುವುದಿಲ್ಲ. ಹೀಬ್ರೂವಿನಲ್ಲಿ ಸಮುದ್ರ ಅಂದರೆ ಪಶ್ಚಿಮ. ಉತ್ತರ ಇದೆ, ಪೂರ್ವ ಇದೆ. ದಕ್ಷಿಣ ಇಲ್ಲ!

ಯೆಹೂದಕ್ಕೆ ಓಡು ಅಂತ ಯಾವ ಕಡೆಗೆ ಅವನನ್ನು ಅಟ್ಟಿದರೋ ಆ ಒಂದು ಕಡೆಗೆ ಅವರು ಹುಡುಕಿಕೊಂಡು ಹೋಗುವುದಿಲ್ಲ. ಬೇತೇಲಿನಿಂದ ತೆಕೋವಕ್ಕೆ ಮೂವತ್ತೈದು ಕಿಲೋಮೀಟರ್ ಆಸುಪಾಸು. ಗಟ್ಟಿ ನಡೆಯುವವನಿಗೆ ಒಂದೂವರೆ ದಿನದ ದಾರಿ. ಸಮುದ್ರದ ತನಕ ಅಲೆಯುತ್ತಾರೆ, ಒಂದೂವರೆ ದಿನ ನಡೆಯುವುದಿಲ್ಲ. ನಿಮ್ಮ ಲೇಖಕರು ಆಮೋಸನನ್ನು ಉತ್ತರದವನನ್ನಾಗಿ ಮಾಡಿದ ಕೂಡಲೇ ಇದೆಲ್ಲ ಕಾಣೆಯಾಗುತ್ತದೆ. ಉಳಿಯುವುದು ಯಾವ ತಪ್ಪೂ ಮಾಡದೆ ಹುಡುಕುವ ಜನ, ಕಾರಣವಿಲ್ಲದೆ ಸುಮ್ಮನಿರುವ ದೇವರು.

ಇದು ಇಲ್ಲದ ಅರ್ಥ ಹುಡುಕಿದ್ದಾಯಿತು ಎನ್ನುವವರೂ ಇದ್ದಾರೆ. ಸಮುದ್ರದಿಂದ ಸಮುದ್ರಕ್ಕೆ ಅಂದರೆ ಲೋಕವೆಲ್ಲ ಅಂತ ಅರ್ಥ, ಬೈಬಲಿನ ಕೀರ್ತನೆಗಳಲ್ಲಿ ಹಾಗೇ ಬರುತ್ತದೆ. ಎರಡನೇ ಸಮುದ್ರ ದಕ್ಷಿಣದ ಲವಣ ಸಮುದ್ರ ಎಂದು ಹೇಳುವವರೂ ಇದ್ದಾರೆ. ಇನ್ನೂ ದೊಡ್ಡ ತೊಡಕು 14ನೇ ವಚನದಲ್ಲಿದೆ. ಅದೇ ಜನ ದಾನ್ ಊರಿನ ದೇವರ ಮೇಲೆ, ಬೇರ್ಷೆಬದ ದಾರಿಯ ಮೇಲೆ ಆಣೆ ಇಡುತ್ತಾರೆ. ಬೇರ್ಷೆಬ ಇರುವುದು ದೂರದ ದಕ್ಷಿಣದಲ್ಲೇ! ಇದನ್ನು ನೋಡಿ ನನ್ನ ವಾದ ಬಿದ್ದುಹೋಯಿತು ಅಂತ ಒಂದು ವಾರ ಬೇಜಾರಿನಲ್ಲಿದ್ದೆ. ಆಮೇಲೆ ನಕಾಶೆ ತೆಗೆದೆ. ಉತ್ತರದಿಂದ ಬೇರ್ಷೆಬಕ್ಕೆ ಹೋಗುವ ಗುಡ್ಡದ ದಾರಿ ಜೆರುಸಲೇಮ್, ಬೇತ್ಲೆಹೇಮ್, ಹೆಬ್ರೋನ್ ಮೇಲೆ ಹೋಗುತ್ತದೆ. ತೆಕೋವ ಅದರ ಪೂರ್ವಕ್ಕೆ ಹತ್ತಿರದಲ್ಲೇ ಇದೆ. ಯಾತ್ರೆಗೆ ಅವನ ಊರಿನ ಪಕ್ಕದಲ್ಲೇ ಹಾದುಹೋಗುತ್ತಿದ್ದರು. ದಕ್ಷಿಣ ಅವರಿಗೆ ಗೊತ್ತಿಲ್ಲದ್ದಲ್ಲ. ಕೇಳುವುದಕ್ಕೆ ಮಾತ್ರ ಆ ಕಡೆ ತಿರುಗಲಿಲ್ಲ.

'ತೂರಾಡು' ಎಂಬ ಆ ಕ್ರಿಯಾಪದ ('ನೂಅ') ಇದೇ ಪುಸ್ತಕದಲ್ಲಿ ಮೊದಲೊಮ್ಮೆ ಬಂದಿದೆ. ಮಳೆ ನಿಂತಾಗ ಎರಡು ಮೂರು ಊರಿನವರು ತೂರಾಡುತ್ತಾ ಇನ್ನೊಂದು ಊರಿಗೆ ನೀರಿಗೆ ಹೋದರು, ತಣಿಯಲಿಲ್ಲ, ಆದರೂ ನನ್ನ ಕಡೆ ತಿರುಗಲಿಲ್ಲ ಅಂತ 4ನೇ ಅಧ್ಯಾಯದಲ್ಲಿ ದೇವರು ಹೇಳುತ್ತಾನೆ. ಒಂದು ಸಲ ನೀರಿಗೆ, ಇನ್ನೊಂದು ಸಲ ಮಾತಿಗೆ. ನಡಿಗೆ ಒಂದೇ.

ಸೌಲನ ಕಥೆಯೂ ನಿಮ್ಮ ಲೇಖನದಲ್ಲಿ ಎರಡು ಸಾಲಿನಲ್ಲಿ ಬಂದಿದೆ. ಸೌಲ ಇಸ್ರಾಯೇಲಿನ ಮೊದಲ ರಾಜ. ಯುದ್ಧದ ಹಿಂದಿನ ದಿನ ಅವನು ದೇವರನ್ನು ಕೇಳಿದ. ಕನಸಿನಲ್ಲಿ ಉತ್ತರ ಇಲ್ಲ, ಊರೀಮಿನಿಂದ ಇಲ್ಲ, ಪ್ರವಾದಿಗಳಿಂದ ಇಲ್ಲ. ಎಂಥ ಕ್ರೂರ ಮೌನ ಎನ್ನುತ್ತಾರೆ ಲೇಖಕರು. ಊರೀಮ್ ಅಂದರೆ ದೇವರ ಉತ್ತರ ತಿಳಿಯಲು ಯಾಜಕರ ಕೈಲಿದ್ದ ಸಾಧನ. ಆ ಯಾಜಕರು ಎಲ್ಲಿ ಹೋದರು? ತನ್ನಿಂದ ತಪ್ಪಿಸಿಕೊಂಡು ಓಡುತ್ತಿದ್ದ ದಾವೀದನಿಗೆ ರೊಟ್ಟಿ ಕೊಟ್ಟರು ಎಂಬ ಕಾರಣಕ್ಕೆ ನೋಬ್ ಊರಿನ 85 ಯಾಜಕರನ್ನು ಕೊಲ್ಲಿಸಿದವನು ಇದೇ ಸೌಲ. ತಪ್ಪಿಸಿಕೊಂಡ ಒಬ್ಬ ಎಬ್ಯಾತಾರ. ಅವನು ಏಫೋದನ್ನು, ಅಂದರೆ ದೇವರನ್ನು ಕೇಳುವಾಗ ಬಳಸುತ್ತಿದ್ದ ಯಾಜಕರ ಉಡುಪನ್ನು, ಹಿಡಿದುಕೊಂಡು ದಾವೀದನ ಹತ್ತಿರ ಓಡಿಹೋದ. ಅಲ್ಲಿ ದಾವೀದ ಕೇಳಿದ್ದಕ್ಕೆಲ್ಲ ಉತ್ತರ ಬರುತ್ತಿದೆ. ಸೌಲ ಕೊನೆಗೆ ವೇಷ ಮರೆಸಿಕೊಂಡು ಏಂದೋರಿನ ಹೆಂಗಸಿನ ಹತ್ತಿರ ಹೋಗುತ್ತಾನೆ. ಸತ್ತವರನ್ನು ಕರೆಯುವವರನ್ನೆಲ್ಲ ನಾಡಿನಿಂದ ಹೊರಗೆ ಹಾಕಿದವನೂ ಅವನೇ. ಸತ್ತ ಪ್ರವಾದಿ ಸಮುವೇಲ ಎದ್ದು ಬಂದು ನಾಳೆ ಸಾಯುತ್ತೀಯ ಎನ್ನುತ್ತಾನೆ, ಸೌಲ ಉದ್ದಕ್ಕೆ ಬೀಳುತ್ತಾನೆ. ಹಗಲೂ ರಾತ್ರಿ ರೊಟ್ಟಿ ತಿಂದಿರಲಿಲ್ಲ. ಆ ಹೆಂಗಸು ಮನೆಯಲ್ಲಿ ಕೊಬ್ಬಿಸಿದ್ದ ಕರುವನ್ನು ಕೊಯ್ದು, ಹಿಟ್ಟು ನಾದಿ, ಹುಳಿಯಿಲ್ಲದ ರೊಟ್ಟಿ ಸುಟ್ಟು, ಬೇಡ ಬೇಡ ಅಂದರೂ ಕೂರಿಸಿ ತಿನ್ನಿಸುತ್ತಾಳೆ. ನನಗೆ ಇಡೀ ಹಳೆಯ ಒಡಂಬಡಿಕೆಯಲ್ಲಿ ತುಂಬಾ ಇಷ್ಟವಾದ ಊಟ ಅದು. ಮಾತಿಗೆ ಹಸಿದು ಬಂದವನಿಗೆ ಕೊನೆಗೆ ಸಿಕ್ಕಿದ್ದು ರೊಟ್ಟಿ, ಅದೂ ತಾನೇ ಅಟ್ಟಿದವಳ ಕೈಯಿಂದ.

ಹಾಗಂತ ದೇವರು ಸುಮ್ಮನಿದ್ದರೆ ನಿನ್ನದೇ ತಪ್ಪು ಅಂತ ಕಷ್ಟದಲ್ಲಿರುವವರ ಮುಖಕ್ಕೆ ಹೇಳಬಾರದು. ಅದಕ್ಕೆ ಹಬಕ್ಕೂಕ ಎಂಬ ಪ್ರವಾದಿ ಇದ್ದಾನೆ. ಎಷ್ಟು ಕಾಲ ಕೂಗಲಿ, ನೀನು ಕೇಳುವುದೇ ಇಲ್ಲವಲ್ಲ ಅಂತ ಅವನು ನೇರವಾಗಿ ಜಗಳಕ್ಕೆ ನಿಲ್ಲುತ್ತಾನೆ. ಅವನು ಯಾರನ್ನೂ ಓಡಿಸಿದವನಲ್ಲ. ಕಾವಲು ಗೋಪುರ ಹತ್ತಿ ಉತ್ತರಕ್ಕೆ ಕಾಯುತ್ತಾನೆ. ಲೇಖಕರ ತಾಳ್ಮೆಯ ಪಾಠ ಅವನಿಗೆ ಹೊಂದುತ್ತಿತ್ತು. ಅವನ ಹೆಸರೇ ಲೇಖನದಲ್ಲಿಲ್ಲ.

ಕಿವಿಯ ಮಾತು ಆಮೇಲೆ ಅಂದಿದ್ದೆ. ಆಮೋಸ ಹೇಳುವುದು ಮಾತಿನ ಹಸಿವು ಅಂತಲ್ಲ, ಮಾತು 'ಕೇಳುವ' ಹಸಿವು ಅಂತ. ಆ ಒಂದು ಪದವನ್ನು ನಾನು ಅರವತ್ತು ದಾಟುವ ತನಕ ಗಮನಿಸಿರಲಿಲ್ಲ. ಮೊದಲ ಸಮುವೇಲ ಎಂಬ ಪುಸ್ತಕದ 3ನೇ ಅಧ್ಯಾಯದಲ್ಲಿ ಆ ಕಾಲದಲ್ಲಿ ಯೆಹೋವನ ಮಾತು 'ಯಾಕಾರ್' ಆಗಿತ್ತು ಅಂತ ಬರುತ್ತದೆ. ಅಪರೂಪ ಅಂತ ಅನುವಾದಿಸುತ್ತಾರೆ. ಬೆಲೆ ಜಾಸ್ತಿ ಎಂಬ ಅರ್ಥವೂ ಅದಕ್ಕಿದೆ. ನಾನಾದರೆ ತುಟ್ಟಿ ಅಂತ ಹಾಕುತ್ತಿದ್ದೆ. ಬರಗಾಲದಲ್ಲಿ ಕಾಳು ತುಟ್ಟಿಯಾಗುವ ಹಾಗೆ. ಅಲ್ಲೂ ಧ್ವನಿ ಬರುತ್ತದೆ, ಹುಡುಗ ಸಮುವೇಲನಿಗೆ ಕೇಳಿಸುತ್ತದೆ, ಮೂರು ಸಲವೂ ಮುದುಕ ಯಾಜಕ ಏಲಿ ಕರೆದ ಅಂತ ಎದ್ದು ಓಡುತ್ತಾನೆ. ಶಬ್ದ ಕೇಳಿತು, ಯಾರದು ಅಂತ ತಿಳಿಯಲಿಲ್ಲ.

ಯೆಹೂದ್ಯ ಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮೂದಿನಲ್ಲಿ, ಸಬ್ಬತ್ ನಿಯಮಗಳ ಭಾಗದಲ್ಲಿ, ಆಮೋಸನ ಇದೇ ವಚನದ ಮೇಲೆ ಒಂದು ಚರ್ಚೆ ಇದೆ. ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯ ಹೋಯಿತು. ಯಾವ್ನೆ ಎಂಬ ಊರಿನಲ್ಲಿ ಸೇರಿದ ಗುರುಗಳು, ಮುಂದೊಂದು ದಿನ ನಮ್ಮವರು ಧರ್ಮಬೋಧೆಯನ್ನೇ ಮರೆಯುತ್ತಾರೆ ಎಂದರು. ಅದಕ್ಕೆ ಅವರು ಕೊಟ್ಟ ಚಿತ್ರ ಹೀಗಿದೆ. ಯಾಜಕರಿಗೆ ಮೀಸಲಾದ ಒಂದು ರೊಟ್ಟಿಯನ್ನು ಹೆಂಗಸೊಬ್ಬಳು ಕೈಲಿ ಹಿಡಿದುಕೊಂಡು ಪ್ರಾರ್ಥನಾಮಂದಿರಗಳನ್ನು, ಪಾಠಶಾಲೆಗಳನ್ನು ಸುತ್ತುತ್ತಾಳೆ. ಇದು ಮಡಿಯೋ ಮೈಲಿಗೆಯೋ ಅಂತ ಕೇಳುತ್ತಾಳೆ. ಹೇಳುವವರು ಇಲ್ಲ. ಷಿಮೋನ್ ಬಾರ್ ಯೊಹಾಯ್ ಎಂಬ ಗುರು ಒಪ್ಪಲಿಲ್ಲ. ಮರೆಯುವ ಮಾತೇ ಇಲ್ಲ, ಸ್ಪಷ್ಟವಾದ ಮಾತು ಒಂದು ಕಡೆ ಸಿಗುವುದಿಲ್ಲ ಅಷ್ಟೇ ಎಂದರು. ಕಿವಿಗೆ ಮೆಷಿನ್ ಹಾಕಿಕೊಂಡವನಿಗೆ ಈ ಎರಡನೇ ಮಾತು ಜಾಸ್ತಿ ಹತ್ತಿರ.

ಪತ್ರ ಉದ್ದವಾಯಿತು, ಕತ್ತರಿಸುತ್ತೀರಿ ಅಂತ ಗೊತ್ತು. ಅಚ್ಚುಕೂಟದಲ್ಲಿ ಇದ್ದವನು, ಬೇಜಾರಿಲ್ಲ. ಎಲ್ಲ ತೆಗೆದರೂ ಒಂದು ತಿದ್ದುಪಡಿಯನ್ನು ಮಾತ್ರ ಮುಂದಿನ ಭಾನುವಾರ ಹಾಕಿ: ಆಮೋಸನ ಊರು ತೆಕೋವ, ಯೆಹೂದ ರಾಜ್ಯದಲ್ಲಿ, ಜೆರುಸಲೇಮಿನಿಂದ ದಕ್ಷಿಣಕ್ಕೆ ಸುಮಾರು 16 ಕಿಲೋಮೀಟರ್.

ಇತಿ ನಿಮ್ಮ ಓದುಗ,
ನಿವೃತ್ತ ಕರಡು ತಿದ್ದುವವನು